ಕೂಡುಬಾಳ್ವೆಯ ಪಂಡಿತ ಮತ್ತು ಊರಿನ ಸಾವುಗಳು

ಟಿವೊಂಗೆ ಲುಹಾಂಗಾ ಓದುತ್ತಿದ್ದ. ಅವನು ಏನು ಮಾಡುತ್ತಾನೆ ಅಂತ ಯಾರು ಕೇಳಿದರೂ ನಮ್ಮ ಕಂಫುಲು ಹಳ್ಳಿಯಲ್ಲಿ ಸಿಗುತ್ತಿದ್ದ ಉತ್ತರ ಇದೊಂದೇ. ಕಿವಿಯ ಹತ್ತಿರ ಕೂದಲು ನೆರೆಯುತ್ತ ಬಂದಿತ್ತು, ಅವನ ಜೊತೆ ಅವನೂರಿನ ಪ್ರೈಮರಿ ಶಾಲೆಯಲ್ಲಿ ಮಣ್ಣಲ್ಲಿ ಉರುಳಾಡಿದವರೆಲ್ಲ ಮಗಳಿಗೆ ಗಂಡು ನೋಡುತ್ತಿದ್ದರು. ಇವನು ಮಾತ್ರ ಇನ್ನೂ ಓದುತ್ತಿದ್ದ. ಓದೋದು ಅಂದರೆ ಸುಮ್ಮನೆ ಓದಲ್ಲ, ಸಂಶೋಧನೆ. ಚಿಲಿಂಬಾ ಗುಡ್ಡದ ಮೇಲೆ ಸರ್ಕಾರ ಕಟ್ಟಿಸಿದ ವಿಶ್ವವಿದ್ಯಾಲಯ ಇರೋದೇ ಅದಕ್ಕೆ. ಇಡೀ ಮಲಾವಿಯಲ್ಲಿ ಇಷ್ಟು ಜೋಳದ ಹೊಲದ ನಡುವೆ ಇಷ್ಟು ಜನ ಡಾಕ್ಟರುಗಳನ್ನು ಗುಡ್ಡೆ ಹಾಕಿರುವ ಜಾಗ ಇನ್ನೊಂದಿಲ್ಲ. ಅವರಲ್ಲಿ ಒಬ್ಬರಿಗೂ ಇಂಜೆಕ್ಷನ್ ಚುಚ್ಚೋಕೆ ಬರಲ್ಲ ಅನ್ನೋದು ಗೊತ್ತಾದ ದಿನ ನಮ್ಮ ಅಜ್ಜಿಯರು ಬಹಳ ಬೇಜಾರು ಮಾಡಿಕೊಂಡಿದ್ದರಂತೆ.

ಗುಡ್ಡದ ಮೇಲಿನವರಿಗೆ ಸಂಶೋಧನೆ ಮಾಡೋಕೆ ಏನಾದರೂ ಬೇಕಲ್ಲ? ದೂರ ಹೋಗಬೇಕೆಂದರೆ ಜೀಪು ಬೇಕು, ಜೀಪಿಗೆ ಎಣ್ಣೆ ಇರುತ್ತಿರಲಿಲ್ಲ. ನಾವು ಗುಡ್ಡದ ಬುಡದಲ್ಲೇ ಇದ್ದೆವು, ನಡೆದುಕೊಂಡೇ ಬರಬಹುದಿತ್ತು. ಹೀಗಾಗಿ ನಮ್ಮ ಅಜ್ಜಂದಿರ ಕಾಲದಿಂದಲೂ ಅವರು ನಮ್ಮನ್ನೇ ಅರೆದು ಕುಡಿಯುತ್ತ ಬಂದಿದ್ದಾರೆ. ಮೇಕೆ ಬಗ್ಗೆ ಕೇಳುವ ಹುಡುಗ ಹೋದರೆ ಕಕ್ಕಸಿನ ಬಗ್ಗೆ ಕೇಳುವ ಹುಡುಗಿ, ಅವಳು ಹೋದರೆ ಸೊಳ್ಳೆಪರದೆಯವನು. ಕೂತು ಉತ್ತರ ಹೇಳಿದರೆ ಒಂದು ಬಾರು ಸೋಪು. ಸುಳ್ಳು ಯಾಕೆ ಹೇಳಲಿ, ನಮ್ಮವರೂ ಪಳಗಿದ್ದರು. ಕೇಳೋನ ಮುಖ ಯಾವ ಉತ್ತರಕ್ಕೆ ಅರಳುತ್ತದೆ ಅಂತ ನೋಡಿಕೊಂಡು ಆ ಉತ್ತರವನ್ನೇ ಕೊಡುತ್ತಿದ್ದರು. ಮುಖ ಅರಳಿದವನು ಮತ್ತೆ ಬರುತ್ತಾನೆ, ಬರುವಾಗ ಸೋಪು ತರುತ್ತಾನೆ.

ಟಿವೊಂಗೆಯ ವಿಷಯ ಇವೆಲ್ಲಕ್ಕಿಂತ ದೊಡ್ಡದಾಗಿತ್ತು: ಹಳ್ಳಿಗಳಲ್ಲಿ ಕೂಡುಬಾಳ್ವೆಯ ಕುಸಿತ. ಒಬ್ಬರಿಗೊಬ್ಬರು ಆಗುವುದು ನಿಂತುಹೋಗಿದೆ, ಯಾಕೆ ನಿಂತುಹೋಗಿದೆ, ಎಷ್ಟು ನಿಂತುಹೋಗಿದೆ ಅನ್ನುವುದು. ನಿಂತಿದೆಯೋ ಇಲ್ಲವೋ ಅಂತ ಮೊದಲು ನೋಡಬೇಡವೇ ಅಂದರೆ, ಅದನ್ನು ಅವನ ಮಾರ್ಗದರ್ಶಕರಾದ ಪ್ರೊಫೆಸರ್ ಚಿಲುಂಡೊ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಕುಸಿತ ಅಂದರೆ ಹೊರದೇಶದವರು ಖರ್ಚು ಕೊಡುತ್ತಾರೆ. ಎಲ್ಲ ಚೆನ್ನಾಗಿದೆ ಅಂದರೆ ಯಾರು ಕೊಡುತ್ತಾರೆ, ಅವರಪ್ಪನೇ?

ಟಿವೊಂಗೆ ಬಡಗಣ ಸೀಮೆಯವನು, ಟುಂಬುಕಾ ಜನ. ಹಳ್ಳಿಯ ಅಂಚಿನಲ್ಲಿ, ಗುಡ್ಡಕ್ಕೆ ಹತ್ತುವ ದಾರಿಯ ಪಕ್ಕ ಒಂದು ತಗಡಿನ ಮನೆ ಹಿಡಿದಿದ್ದ. ಗಂಡ ತೀರಿಕೊಂಡ ಮೇಲೆ ಅವನ ತಾಯಿ ನ್ಯಾಗೊಂಡ್ವೆಯೂ ಮಗನಿಗೆ ಬೇಯಿಸಿ ಹಾಕಲು ಇಲ್ಲಿಗೇ ಬಂದಳು. ಸಣ್ಣಗೆ ಕಡ್ಡಿಯ ಹಾಗಿದ್ದ ಹೆಂಗಸು. ನಮ್ಮ ಚೇವಾ ಮಾತು ಅವಳಿಗೆ ಅರ್ಧ ಬರುತ್ತಿತ್ತು, ಬಾರದ ಅರ್ಧವನ್ನು ನಗುವಿನಲ್ಲಿ ತುಂಬಿಸುತ್ತಿದ್ದಳು.

ನಮ್ಮಲ್ಲಿ ಒಂದು ಸಾವಾದರೆ ಊರಿಗೆ ಊರೇ ಏಳಬೇಕು. ಹೆಂಗಸರು ತಲೆಯ ಮೇಲೆ ಹಿಟ್ಟಿನ ಬೋಗುಣಿ ಹೊತ್ತು ಹೋಗಬೇಕು, ಹೆಣದ ಸುತ್ತ ಕೂತು ರಾತ್ರಿಯೆಲ್ಲ ಹಾಡಬೇಕು. ಗಂಡಸರು ಅಂಗಳದಲ್ಲಿ ಬೆಂಕಿ ಹಾಕಿ ಕೂರಬೇಕು. ಗುಂಡಿ ತೋಡುವವರನ್ನು ನಾವು ಮೊಮ್ಮಕ್ಕಳು ಅನ್ನುತ್ತೇವೆ. ಸತ್ತವರಿಗೂ ಅವರಿಗೂ ಸಂಬಂಧ ಇರಲಿ ಬಿಡಲಿ, ಆ ಹೊತ್ತಿಗೆ ಅವರು ಊರಿಗೇ ಮೊಮ್ಮಕ್ಕಳು. ಅವರಿಗೆ ಹೊಟ್ಟೆ ತುಂಬ ನ್ಸಿಮಾ ಮುದ್ದೆ, ಮಾಂಸದ ಸಾರು ಹಾಕಬೇಕು. ಅವರು ಯಾರನ್ನು ಬೇಕಾದರೂ ಬೈಯಬಹುದು, ಯಾರೂ ಎದುರು ಆಡುವಂತಿಲ್ಲ. ಸಾವಿಗೆ ಬಾರದವನ ಲೆಕ್ಕ ಅವರ ಹತ್ತಿರ ಇರುತ್ತದೆ. ಅವನ ಮನೆಯಲ್ಲಿ ಸಾವಾದ ದಿನ ಗುದ್ದಲಿಗಳಿಗೆಲ್ಲ ಒಂದೇ ಸಲ ಕಾಯಿಲೆ ಬರುತ್ತದೆ.

ಇದನ್ನೆಲ್ಲ ಟಿವೊಂಗೆ ಅಚ್ಚುಕಟ್ಟಾಗಿ ಬರೆದುಕೊಂಡಿದ್ದ. ಸಾವಿಗೆ ಮಾತ್ರ ಹೋಗುತ್ತಿರಲಿಲ್ಲ. ಸಂಶೋಧಕ ದೂರ ನಿಂತು ನೋಡಬೇಕು, ಒಳಗೆ ಸೇರಿಕೊಂಡರೆ ಅಧ್ಯಯನ ಕೆಡುತ್ತದೆ ಅಂತ ಚಿಲುಂಡೊ ಹೇಳಿಕೊಟ್ಟಿದ್ದರು. ಮೊಸರು ಹೆಪ್ಪಾಗುವಾಗ ಕಲಕಬಾರದು ನೋಡಿ, ಹಾಗೆ.

ಒಂದೇ ಒಂದು ಸಲ ಹೋದ. ಗುಂಡಿ ತೋಡುವವರ ಮುಂದಾಳು ಸ್ಯಾಂಡ್ರಾಮ್‌ನ ಅಪ್ಪ ತೀರಿಕೊಂಡಾಗ. ಹೋದವನು ಅಂಗಳದಲ್ಲಿ ಕೂರುವುದು ಬಿಟ್ಟು ಸೀದಾ ಸ್ಯಾಂಡ್ರಾಮ್‌ನ ಮುಂದೆ ನಿಂತು, ಮಾತು ಹಿಡಿಯುವ ಯಂತ್ರವನ್ನು ಅವನ ಮೂಗಿನ ಹತ್ತಿರ ಹಿಡಿದ.

"ಅಣ್ಣ, ಈ ಸಂದರ್ಭದಲ್ಲಿ ನಿಮಗೆ ನೆರೆಹೊರೆಯಿಂದ ಸಿಕ್ಕ ಸಹಾಯ ಬಹಳವೋ, ಸಾಧಾರಣವೋ, ಏನೂ ಇಲ್ಲವೋ?"

ಸ್ಯಾಂಡ್ರಾಮ್ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ. ಯಂತ್ರ ನೋಡಿದ, ಇವನ ಮುಖ ನೋಡಿದ, ಇವನು ಚಾಚಿದ ಸೋಪು ನೋಡಿದ.

"ಸೋಪು ಕೊಡಿ ಡಾಕ್ಟ್ರೇ, ಕೈ ಮಣ್ಣಾಗಿದೆ," ಅಂದ. "ಗುದ್ದಲಿ ಹಿಡಿಯೋಕೆ ಒಂದು ಆಳು ಕಡಿಮೆ ಬಿದ್ದಿದೆ. ಬರ್ತೀರಾ?"

"ನಾನು ಸೇರಿಕೊಂಡ್ರೆ ಅಧ್ಯಯನ ಕೆಡುತ್ತಲ್ಲಣ್ಣ."

"ಓಹೋ. ಹಾಗಾದ್ರೆ ಬರ್ಕೊಳ್ಳಿ, ಏನೂ ಇಲ್ಲ ಅಂತ."

ಟಿವೊಂಗೆ ಬರೆದುಕೊಂಡ. ಖುಷಿಯಾಗಿ ಮುಖ ಅರಳಿತು. ಮುಖ ಅರಳಿದ್ದನ್ನು ಅಂಗಳದವರೆಲ್ಲ ನೋಡಿದರು. ಅಂದಿನಿಂದ ಅವನು ಯಾರ ಮನೆಯ ಮುಂದೆ ನಿಂತರೂ ಒಂದೇ ರಾಗ: ಅಯ್ಯೋ ಡಾಕ್ಟ್ರೇ, ಈಗ ಯಾರು ಯಾರಿಗೆ ಆಗ್ತಾರೆ, ಎಲ್ಲ ಅವರವರ ಪಾಡು. ಹೀಗೆ ಹೇಳಿ ಸೋಪು ಈಸಿಕೊಂಡ ಹೆಂಗಸು, ಅವನು ಬೇಲಿ ದಾಟಿದ ಕೂಡಲೇ ಪಕ್ಕದ ಮನೆಯ ಬಾಣಂತಿಗೆ ನೀರು ಹೊತ್ತು ಹಾಕಲು ಹೋಗುತ್ತಿದ್ದಳು. ಪ್ರಬಂಧ ಪೊಗದಸ್ತಾಗಿ ಬೆಳೆಯಿತು.

ಆ ಸಾವಿನ ಮನೆಯ ಸುದ್ದಿ ನ್ಯಾಗೊಂಡ್ವೆಯ ಕಿವಿಗೆ ಬಿತ್ತು. ಹೇಳಿದವಳು ಪಕ್ಕದ ಮನೆಯ ಎಸ್ನಾಟ್, ಮೆಣಸಿನಕಾಯಿಯಂಥ ಬಾಯಿ, ಹೂವಿನಂಥ ಮನಸ್ಸು. ನ್ಯಾಗೊಂಡ್ವೆಗೆ ನಾಚಿಕೆಯಿಂದ ಮುಖ ಎತ್ತಲು ಆಗಲಿಲ್ಲ. ಸಂಜೆ ಮಗನ ಮುಂದೆ ನ್ಸಿಮಾ, ಒಣಮೀನಿನ ಸಾರು ಇಟ್ಟು ಕೇಳಿದಳು:

"ಅಪ್ಪ ಸತ್ತವನ ಹತ್ರ ಹೋಗಿ ಏನೋ ಕೇಳಿದ್ಯಂತೆ?"

"ಅದು ಕೆಲಸ ಅಮ್ಮ. ನಿನಗೆ ಅರ್ಥ ಆಗಲ್ಲ."

"ಸಾವಿಗೆ ಹೋಗೋದು ನನಗೆ ಅರ್ಥ ಆಗಲ್ವಾ? ನಾವು ಪರಊರಿನವರು ಮಗಾ. ಇಲ್ಲಿ ನಮಗೆ ಅಣ್ಣನಿಲ್ಲ, ತಮ್ಮನಿಲ್ಲ. ನಾಳೆ ನಿನ್ನ ಮೇಲೆ ಒಂದು ಹಿಡಿ ಮಣ್ಣು ಹಾಕೋಕೆ ಯಾರು ಬರ್ತಾರೆ?"

"ವಿಶ್ವವಿದ್ಯಾಲಯ ಇದೆಯಲ್ಲಮ್ಮ."

"ಅದಕ್ಕೆ ಗುದ್ದಲಿ ಹಿಡಿಯೋಕೆ ಬರುತ್ತೇನೋ?"

ಟಿವೊಂಗೆ ನಕ್ಕು ಮೀನು ಬಿಡಿಸಿ ತಿಂದ. ಮುಳ್ಳು ತೆಗೆದಿಡುವಷ್ಟು ಹೊತ್ತೂ ಆ ಪ್ರಶ್ನೆ ಅವನ ತಲೆಯಲ್ಲಿ ನಿಲ್ಲಲಿಲ್ಲ.

ಅವಳು ಮತ್ತೆ ಕೇಳಲಿಲ್ಲ. ತಾನೇ ಹೋಗಲು ಶುರು ಮಾಡಿದಳು. ಸೊಂಟಕ್ಕೆ ಹಳೆಯ ಚಿಟೆಂಜೆ ಬಟ್ಟೆ ಸುತ್ತಿಕೊಂಡು, ತಲೆಯ ಮೇಲೆ ಹಿಟ್ಟಿನ ಬೋಗುಣಿ ಇಟ್ಟುಕೊಂಡು, ಎಸ್ನಾಟಳ ಹಿಂದೆ. ಮುದುಕರ ಸಾವು, ಎಳೆಗೂಸಿನ ಸಾವು, ಕುಡಿದು ಹಳ್ಳಕ್ಕೆ ಬಿದ್ದವನ ಸಾವು, ಯಾವುದನ್ನೂ ತಪ್ಪಿಸಲಿಲ್ಲ. ಸತ್ತವರ ಹೆಸರು ಗೊತ್ತಿಲ್ಲದಿದ್ದರೆ ಎಸ್ನಾಟಳ ಕಿವಿಯಲ್ಲಿ ಕೇಳಿ ತಿಳಿದುಕೊಂಡು ಆಮೇಲೆ ಅಳುತ್ತಿದ್ದಳು. ನಿಜವಾಗಿಯೇ ಅಳುತ್ತಿದ್ದಳು. ಮಗ ಯಾಕೆ ಬರಲಿಲ್ಲ ಅಂತ ಮೊದಮೊದಲು ಕೇಳಿದವರಿಗೆ ಪರೀಕ್ಷೆ ಇದೆ ಅಂದಳು. ವರ್ಷಗಟ್ಟಲೆ ನಡೆಯುವ ಪರೀಕ್ಷೆ ಯಾವುದಪ್ಪಾ ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಅವಳ ಮುಖ ನೋಡಿ ಸುಮ್ಮನಾದರು. ಆಮೇಲಾಮೇಲೆ ಕೇಳುವುದನ್ನೇ ಬಿಟ್ಟರು.

ಒಂದು ದಿನ ಅವಳು ಊರಿನ ಮುಖ್ಯಸ್ಥನ ಮನೆಗೂ ಹೋಗಿ, ನೆಲದ ಮೇಲೆ ಮಂಡಿಯೂರಿ ಕೇಳಿಕೊಂಡಳಂತೆ: ದೊಡ್ಡವರೇ, ನಾನು ಸತ್ತರೆ ಬಡಗಣಕ್ಕೆ ಹೊತ್ತುಕೊಂಡು ಹೋಗೋದು ಬೇಡ, ಇಲ್ಲೇ ನಿಮ್ಮ ಮಂದಿಯ ಜೊತೆ ಒಂದು ಜಾಗ ಕೊಡಿ. ಮುಖ್ಯಸ್ಥ ಕಂಫುಲು, ಊರಿಗೂ ಅವನದೇ ಹೆಸರು, ಸುಲಭಕ್ಕೆ ಹೂಂ ಅನ್ನುವ ಮನುಷ್ಯನಲ್ಲ. ಅವತ್ತು ಹೂಂ ಅಂದ.

ಮಳೆಗಾಲದಲ್ಲಿ ಜ್ವರ ಬಂತು, ಹೋಗಿಬಿಟ್ಟಳು. ಗುಡ್ಡದ ಮೇಲಿನ ಅಷ್ಟು ಡಾಕ್ಟರುಗಳೂ ಕೈಚೆಲ್ಲಿದರು.

ಟಿವೊಂಗೆಗೆ ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು, ಒಂದೂ ತೋಚಲಿಲ್ಲ. ಸಾವಿನ ವಿಧಿಗಳ ಮೇಲೆ ಒಂದು ಇಡೀ ಅಧ್ಯಾಯ ಬರೆದವನು ಬಾಗಿಲಲ್ಲಿ ಬೆಪ್ಪನ ಹಾಗೆ ನಿಂತಿದ್ದ. ಅಷ್ಟರಲ್ಲಿ ಎಸ್ನಾಟ್ ಬಂದು ಕೂಗಿ ಅತ್ತಳು. ಆ ಕೂಗಿಗೆ ಊರು ಎದ್ದು ಬಂತು. ಹಿಟ್ಟಿನ ಬೋಗುಣಿಗಳು ಸಾಲುಗಟ್ಟಿ ಬಂದವು, ಪಕ್ಕದ ಊರಿನವರೂ ಬಂದರು. ಅಂಗಳ ಸಾಲದೆ ಜನ ಗುಡ್ಡದ ದಾರಿಯಲ್ಲೂ ಕೂತರು. ಸ್ಯಾಂಡ್ರಾಮ್ ತನ್ನ ಕಡೆಯವರನ್ನು ಕಟ್ಟಿಕೊಂಡು ಮಳೆಯಲ್ಲೇ ಸ್ಮಶಾನಕ್ಕೆ ಹೋಗಿ ಗುಂಡಿ ತೋಡಿದ. ತೋಡಿದಷ್ಟೂ ನೀರು ಬರುತ್ತಿತ್ತು, ಮೊಗೆದು ಮೊಗೆದು ತೋಡಿದರು. ವಿಶ್ವವಿದ್ಯಾಲಯದಿಂದ ಬಂದದ್ದು ಕಚೇರಿಯ ಒಬ್ಬ ಜವಾನ, ಒಂದು ಪ್ಲಾಸ್ಟಿಕ್ ಹೂವಿನ ಚಕ್ರ. ಮಣ್ಣು ಮುಗಿದ ಮೇಲೆ ಚಕ್ರವನ್ನು ಅವನು ವಾಪಸು ಎತ್ತಿಕೊಂಡು ಹೋದ, ಮುಂದಿನ ಸಾವಿಗೆ ಬೇಕಂತೆ.

ಅಷ್ಟು ಜನ ನೋಡಿ ಟಿವೊಂಗೆ ಕಣ್ಣು ಒರೆಸಿಕೊಂಡ. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಮಗ ಎರಡು ಮಾತಾಡಲಿ ಅಂದಾಗ ಗುಂಡಿಯ ಪಕ್ಕ ನಿಂತು ಶುರು ಮಾಡಿಯೇಬಿಟ್ಟ: ನನ್ನ ಅಧ್ಯಯನಕ್ಕೆ ನೀವು ಕೊಟ್ಟ ಸಹಕಾರವನ್ನೂ, ಇಂದು ನನ್ನ ಮೇಲಿನ ಅಭಿಮಾನದಿಂದ ಬಂದು ಸೇರಿರುವುದನ್ನೂ ನಾನು ಮರೆಯಲಾರೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖ್ಯಸ್ಥ ಕೆಮ್ಮಿದ. ಸ್ಯಾಂಡ್ರಾಮ್ ಮಾತ್ರ, ಮೊಮ್ಮಕ್ಕಳ ಬಾಯಿಗೆ ಬೀಗ ಇಲ್ಲವಲ್ಲ, ಗುದ್ದಲಿ ಊರಿಕೊಂಡು ಹೇಳಿದ:

"ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಇವರೆಲ್ಲ ಬಂದಿರೋದು ನಿಮ್ಮ ತಾಯಿಗೆ. ನಿಮ್ಮ ದಿನ ಬಂದಾಗ ಗುದ್ದಲಿ ನೀವೇ ತನ್ನಿ."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಆ ಮಾತು ಅವನಿಗೆ ಚುಚ್ಚಿತು, ಇಲ್ಲ ಅನ್ನುವಂತಿಲ್ಲ. ಎಷ್ಟೋ ದಿನ ಚುಚ್ಚುತ್ತಲೇ ಇತ್ತು. ಊಟಕ್ಕೆ ಕೂತಾಗ ಎದುರಿಗೆ ಅಮ್ಮ ಇಲ್ಲದ ಜಾಗ ನೋಡಿ, ಇನ್ನು ಮುಂದೆ ನಾನೇ ಹೋಗಬೇಕು, ಇಲ್ಲದಿದ್ದರೆ ನನಗೆ ಯಾರೂ ಇರುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಆದರೆ ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು.

ಪ್ರಬಂಧದಲ್ಲಿ ಒಂದು ಇಕ್ಕಟ್ಟಿತ್ತು. ಕೂಡುಬಾಳ್ವೆ ಸತ್ತಿದೆ ಅಂತ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರೆದಾಗಿತ್ತು. ಈಗ ಅಮ್ಮನ ಸಾವಿಗೆ ಸೇರಿದ ಜನವನ್ನು ಎಲ್ಲಿ ಇಡುವುದು? ಅವನು ಪ್ರಾಮಾಣಿಕ, ಅಷ್ಟು ಹೇಳಲೇಬೇಕು. ಹೋಗಿ ಇದನ್ನು ಪ್ರೊಫೆಸರರ ಮುಂದೆ ಇಟ್ಟ.

ಚಿಲುಂಡೊ ಕನ್ನಡಕ ಒರೆಸಿಕೊಂಡರು. "ನಿಮ್ಮ ತಾಯಿಯವರದು ದುಃಖದ ವಿಷಯ. ಆದ್ರೆ ಅದೊಂದು ಅಪವಾದ ಲುಹಾಂಗಾ. ಅಪವಾದ ಹಿಡ್ಕೊಂಡು ಕೂತ್ರೆ ಇನ್ನೂ ನಾಲ್ಕು ವರ್ಷ ಕೂರ್ತೀರಿ. ಬಿಟ್ಬಿಡಿ."

"ಪೂರ್ತಿ ಬಿಡೋದಾ ಸರ್? ಕೆಳಗೆ ಸಣ್ಣ ಅಕ್ಷರದಲ್ಲಾದ್ರೂ..."

"ಸಣ್ಣ ಅಕ್ಷರವನ್ನೇ ಪರೀಕ್ಷಕರು ಮೊದಲು ಓದೋದು."

ಬಿಟ್ಟ. ಮಳೆಯಲ್ಲಿ ನೆನೆಯುತ್ತ ಕೂತ ಅಷ್ಟು ಜನವನ್ನೂ, ಅವರು ಹೊತ್ತು ತಂದ ಹಿಟ್ಟನ್ನೂ, ತಾಯಿಯನ್ನೂ ಒಟ್ಟಿಗೆ ಅಳಿಸಿ ಹಾಕಿದ. ಆ ರಾತ್ರಿ ಅವನು ಉಣ್ಣಲಿಲ್ಲವಂತೆ. ಪದವಿ ಬರುವ ಹೊತ್ತಿಗೆ ಹಸಿವು ವಾಪಸು ಬಂದಿತ್ತು.

ಡಾಕ್ಟರ್ ಟಿವೊಂಗೆ ಲುಹಾಂಗಾ ಆದ. ನಾವು ಅವನನ್ನು ಮುಂಚಿನಿಂದಲೂ ಡಾಕ್ಟ್ರೇ ಅನ್ನುತ್ತಿದ್ದರಿಂದ ಊರಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಆದರೂ ಔತಣ ಬೇಕಲ್ಲ. ಒಂದು ಹೋರಿ ಕೊಯ್ಸಿದ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕು, ಪಕ್ಕದ ಊರಿನಿಂದ ಕೂಲಿಗೆ ಕರೆಸಿದ ಅಡುಗೆ ಹೆಂಗಸರು. ಮುಖ್ಯಸ್ಥನ ಮೂಲಕ ಇಡೀ ಊರಿಗೆ ಶನಿವಾರ ಬನ್ನಿ ಅಂತ ಹೇಳಿಸಿದ. ಮನಸ್ಸಿನಲ್ಲಿ ಒಂದು ಆಸೆಯೂ ಇತ್ತು. ಊರು ಬಂದು ಉಂಡರೆ ಸ್ಯಾಂಡ್ರಾಮ್‌ನ ಮಾತು ಅಲ್ಲಿಗೆ ಅಳಿಸಿಹೋಗುತ್ತದೆ, ನಾನೂ ಈ ಊರಿನವನಾಗುತ್ತೇನೆ ಅಂತ.

ಶನಿವಾರ ಕೆಂಪು ಅಂಚಿನ ಕಪ್ಪು ನಿಲುವಂಗಿ ತೊಟ್ಟು ಬಾಗಿಲಲ್ಲಿ ನಿಂತ. ಪ್ರೊಫೆಸರ್ ಚಿಲುಂಡೊ ಬಂದರು. ವಿಭಾಗದವರು ನಾಲ್ಕಾರು ಜನ ಬಂದರು. ಊರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಹೊತ್ತು ಏರಿತು. ಖಾಲಿ ಕುರ್ಚಿಗಳ ಮುಂದೆ ಮೈಕಿನವನು ಹಲೋ ಹಲೋ ಅನ್ನುತ್ತಿದ್ದ. ನಾಯಿ ಒಂದು ಬಂದು ಶಾಮಿಯಾನದ ನೆರಳಲ್ಲಿ ಮಲಗಿತು.

"ನೋಡಿದ್ರಾ ಲುಹಾಂಗಾ?" ಅಂದರು ಚಿಲುಂಡೊ, ಖುಷಿಯಿಂದ ಉಬ್ಬಿ. "ಕರೆದ್ರೂ ಬರಲಿಲ್ಲ. ನೆರೆಯವನ ಸಂತೋಷಕ್ಕೂ ಬರದಷ್ಟು ಕುಸಿದಿದೆ. ನಿಮ್ಮ ಪ್ರಬಂಧಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಇದನ್ನ ಒಂದು ಲೇಖನ ಮಾಡಿ, ನನ್ನ ಹೆಸರೂ ಹಾಕಿ. ಅಂದ ಹಾಗೆ, ಊಟ ಬಡಿಸಬಹುದಲ್ಲ?"

ಟಿವೊಂಗೆ ಅಡುಗೆಯ ಕಡೆ ಹೋದ. ಒಲೆಗಳು ಉರಿಯುತ್ತಿದ್ದವು, ಪಾತ್ರೆಗಳಲ್ಲಿ ಮಾಂಸ ಕುದಿಯುತ್ತಿತ್ತು, ಹೆಂಗಸರು ಇರಲಿಲ್ಲ. ಕಡೆಯವಳು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಡುತ್ತಿದ್ದಳು.

"ಎಲ್ಲಿಗಮ್ಮಾ?"

"ಸಾವಾಗಿದೆ. ಇಷ್ಟು ಹೊತ್ತಿಗೆ ಮಣ್ಣಿಗೆ ಒಯ್ದಿರ್ತಾರೆ."

"ಯಾರದು?"

ಅವಳು ಅವನನ್ನು ಒಂದು ಥರ ನೋಡಿದಳು. "ಎಸ್ನಾಟ್‌ದು. ನಿಮ್ಮ ಪಕ್ಕದ ಮನೆಯವಳೇ. ನಿನ್ನೆ ಸಂಜೆ ಹೋದಳು. ನಿಮಗೆ ಗೊತ್ತಿಲ್ವಾ?"

ಮಗಳ ಮನೆಯಲ್ಲಿ ಕಾಯಿಲೆ ಬಿದ್ದು ಮಲಗಿದ್ದಳಂತೆ, ಹಳ್ಳದ ಆಚೆ. ಅಲ್ಲಿಂದಲೇ ಹಾಡು ಕೇಳಿಬರುತ್ತಿತ್ತು. ರಾತ್ರಿಯಿಂದ ಕೇಳುತ್ತಲೇ ಇತ್ತು, ಶಾಮಿಯಾನ, ಮೈಕಿನ ಗಲಾಟೆಯಲ್ಲಿ ಇವನು ಕಿವಿಗೆ ಹಾಕಿಕೊಂಡಿರಲಿಲ್ಲ. ಪ್ರೊಫೆಸರರಿಗೆ ಏನೂ ಹೇಳದೆ, ನಿಲುವಂಗಿಯಲ್ಲೇ ಹಳ್ಳ ದಾಟಿ ಓಡಿದ.

ಮಣ್ಣು ಮುಗಿದಿತ್ತು. ಸ್ಮಶಾನದಿಂದ ಬಂದವರು ಎಸ್ನಾಟಳ ಮಗಳ ಅಂಗಳದಲ್ಲಿ ಕೈ ತೊಳೆಯುತ್ತಿದ್ದರು. ಕಪ್ಪು ನಿಲುವಂಗಿಯಲ್ಲಿ ಏದುಸಿರು ಬಿಡುತ್ತ ಬಂದವನನ್ನು ಕಂಡು ಮಕ್ಕಳು ಪಾದ್ರಿ ಅಂತ ಎದ್ದು ನಿಂತವು.

"ಮುಗೀತು ಡಾಕ್ಟ್ರೇ," ಅಂದ ಸ್ಯಾಂಡ್ರಾಮ್.

"ನನಗ್ಯಾಕೆ ಹೇಳಿಕಳಿಸಲಿಲ್ಲ?"

"ಊರಿನವರಿಗೆಲ್ಲ ಹೇಳಿಕಳಿಸಿದ್ವಲ್ಲ."

ಅಷ್ಟೇ ಹೇಳಿ ಸ್ಯಾಂಡ್ರಾಮ್ ಮುಂಗೈಯ ಮಣ್ಣು ಉಜ್ಜಿದ. ಸಿಟ್ಟಿನಿಂದ ಹೇಳಿದ್ದೂ ಅಲ್ಲ. ಸಿಟ್ಟಾಗಿದ್ದರೆ ಟಿವೊಂಗೆ ತಡೆದುಕೊಳ್ಳುತ್ತಿದ್ದ. ಎಲ್ಲರೂ ಅವನ ಪಕ್ಕದಿಂದ ಹಾದು ಹೋಗಿ ಊಟಕ್ಕೆ ಕೂತರು. ಊಟಕ್ಕೆ ಇದ್ದದ್ದು ನ್ಸಿಮಾ, ಕುಂಬಳದ ಸೊಪ್ಪು. ಎಸ್ನಾಟಳ ಮಗಳ ಮನೆಯಲ್ಲಿ ಮಾಂಸಕ್ಕೆ ಎಲ್ಲಿ ಬರಬೇಕು? ಗುಂಡಿ ತೋಡಿ ಬಂದವರು ತಟ್ಟೆ ನೋಡಿ ಮುಖ ಸಿಂಡರಿಸಿದರು, ಮಗಳು ನಾಚಿಕೆಯಿಂದ ಒಲೆಯ ಕಡೆ ತಿರುಗಿಕೊಂಡಳು.

ಟಿವೊಂಗೆಗೆ ಅಲ್ಲೊಂದು ದಾರಿ ಕಂಡಿತು. "ನಮ್ಮ ಮನೆಯಲ್ಲಿ ಹೋರಿ ಕೊಯ್ಸಿದೀನಿ. ಎಲ್ಲರೂ ಅಲ್ಲಿಗೇ ಬನ್ನಿ, ಕುರ್ಚಿ ಇದೆ, ಶಾಮಿಯಾನ ಇದೆ," ಅಂದುಬಿಟ್ಟ.

ಮುಖ್ಯಸ್ಥ ಕಂಫುಲು ತುತ್ತು ಕೆಳಗಿಟ್ಟ.

"ಇವಳ ಮೇಲಿನ ಮಣ್ಣು ಇನ್ನೂ ಹಸಿ," ಅಂದ ನಿಧಾನವಾಗಿ. "ನಾವು ಎದ್ದು ಬಂದು ನಿನ್ನ ಮೈಕಿನ ಮುಂದೆ ಕೂತು ಉಣ್ಣಬೇಕಾ? ಇಷ್ಟು ವರ್ಷ ನಮ್ಮನ್ನು ಕೇಳಿದ್ದು ಏನಪ್ಪಾ ನೀನು?"

ಟಿವೊಂಗೆ ತಲೆ ತಗ್ಗಿಸಿ ವಾಪಸು ನಡೆದ. ಇನ್ನು ಇವನು ಹೋಗಿ ಪ್ರೊಫೆಸರರ ಪಕ್ಕ ಕೂತು ಉಣ್ಣುತ್ತಾನೆ ಅಂತಲೇ ನಾವೆಲ್ಲ ಅಂದುಕೊಂಡೆವು.

ಮನೆಯಲ್ಲಿ ಚಿಲುಂಡೊ ತಟ್ಟೆ ಹಿಡಿದು ಕೂತಿದ್ದರು. ಟಿವೊಂಗೆ ಒಲೆಯಿಂದ ದೊಡ್ಡ ಪಾತ್ರೆಯನ್ನು ಕೆಳಗಿಳಿಸಿದ.

"ಸರ್, ಇನ್ನೊಂದು ಕಡೆ ಸ್ವಲ್ಪ ಹಿಡೀತೀರಾ? ಹಳ್ಳದ ಆಚೆಗೆ ಹೋಗಬೇಕು."

"ಎಲ್ಲಿಗೆ? ನಾನಿನ್ನೂ ಊಟಾನೇ ಮಾಡಿಲ್ಲವಲ್ರೀ."

ಮೈಕಿನವನು ಕೈ ಕೊಟ್ಟ, ಪಾತ್ರೆ ಎತ್ತಿ ತಲೆಯ ಮೇಲಿಡಲು. ಬಿಸಿ ಪಾತ್ರೆ, ಕೆಳಗೆ ಸಿಂಬಿ ಬೇಕು. ಟಿವೊಂಗೆ ನಿಲುವಂಗಿ ಬಿಚ್ಚಿ, ಸುತ್ತಿ ಸಿಂಬಿ ಮಾಡಿಕೊಂಡ. ನಮ್ಮಲ್ಲಿ ಗಂಡಸರು ತಲೆಯ ಮೇಲೆ ಪಾತ್ರೆ ಹೊರುವ ವಾಡಿಕೆ ಇಲ್ಲ. ಕತ್ತು ಸೆಟೆಸಿಕೊಂಡು, ಓಲಾಡುತ್ತ, ಸಾರು ಕಿವಿಯ ಮೇಲೆ ಸುರಿಸಿಕೊಳ್ಳುತ್ತ ಅವನು ಹಳ್ಳ ಇಳಿದು ಹತ್ತಿದ್ದನ್ನು ನೋಡಿ ಹೆಂಗಸರು ಸಾವಿನ ಮನೆ ಅನ್ನುವುದನ್ನೂ ಮರೆತು ನಗು ತಡೆಯಲು ಚಿಟೆಂಜೆಯ ಅಂಚು ಕಚ್ಚಿಕೊಂಡರು. ಸ್ಯಾಂಡ್ರಾಮ್ ಎದ್ದು ಪಾತ್ರೆ ಇಳಿಸಿಕೊಂಡ. ಎಸ್ನಾಟಳ ಮಗಳು ಬಡಿಸಿದಳು. ಎಲ್ಲರ ತಟ್ಟೆಗೂ ಮಾಂಸ ಬಿತ್ತು.

ಗೋಡೆಯ ಪಕ್ಕ ಎಸ್ನಾಟಳ ಅಕ್ಕ ಕೂತಿದ್ದಳು, ಕಣ್ಣು ಪೂರ್ತಿ ಹೋದ ಮುದುಕಿ. ಊರಿನ ಯಾವ ಸಾವಿನಲ್ಲೂ ಅವಳು, ಎಸ್ನಾಟ್, ನ್ಯಾಗೊಂಡ್ವೆ ಮೂವರೂ ಒತ್ತೊತ್ತಿಗೆ ಕೂರುತ್ತಿದ್ದರು. ಅವಳ ಪಕ್ಕ ಒಂದಿಷ್ಟು ಜಾಗ ಇತ್ತು. ಟಿವೊಂಗೆ ಅಲ್ಲಿ ನೆಲದ ಮೇಲೆ ಕೂತ, ಯಾರೂ ಕೂರು ಅನ್ನಲಿಲ್ಲ, ಏಳು ಅಂತಲೂ ಅನ್ನಲಿಲ್ಲ.

ಮುದುಕಿ ತಟ್ಟೆಯಲ್ಲಿ ಬೆರಳಾಡಿಸಿದಳು. "ಮಾಂಸ ಇದೆ. ಯಾರ ಮನೆಯದೇ?"

"ನ್ಯಾಗೊಂಡ್ವೆ ಮನೆಯದು," ಅಂದಳು ಬಡಿಸುತ್ತಿದ್ದವಳು.

"ನೋಡು, ಸತ್ತ ಮೇಲೂ ತಪ್ಪಿಸಲಿಲ್ಲ. ಎಂಥಾ ಹೆಂಗಸು. ಹೊತ್ಕೊಂಡು ಬಂದವರು ಯಾರು?"

"ಅವಳ ಮಗ."

ಮುದುಕಿ ತನ್ನ ಪಕ್ಕದಲ್ಲೇ ಕೂತವನ ಉಸಿರು ಕೇಳುತ್ತ ಸ್ವಲ್ಪ ಹೊತ್ತು ಮೂಳೆ ಚೀಪಿದಳು. ನೆನಪಿಗೆ ತಂದುಕೊಳ್ಳಲು ನೋಡಿದಳು, ಬರಲಿಲ್ಲ.

"ಹೌದಾ?" ಅಂದಳು. "ಅವಳಿಗೆ ಮಗ ಇದ್ನಾ?"